ಸಮದ್ ಸಾಹೇಬರ ಬಿಳಿ ಬಾವುಟ

ಚನ್ನಪಟ್ಟಣದಲ್ಲಿ ಮಕ್ಕಳ ಗಿಲಕಿ ಮಾಡುವ ಸಮದ್ ಸಾಹೇಬರಿಗೆ ಈಗ ಐವತ್ತೇಳು. ಇಷ್ಟು ವರ್ಷಗಳಲ್ಲಿ ಅವರು ಅರ್ಧಕ್ಕೆ ಕೈಬಿಡದೆ ಉಳಿಸಿಕೊಂಡಿದ್ದು ಮದುವೆಯೊಂದನ್ನೇ, ಅದೂ ತನ್ನ ಹಟದಿಂದ, ಎಂದು ಹೆಂಡತಿ ತಾಹೇರಾ ಹೇಳುತ್ತಾರೆ. ಬಸ್ಸು ಹತ್ತು ನಿಮಿಷ ತಡವಾದರೆ ಸಾಹೇಬರು ಪ್ರಯಾಣವನ್ನೇ ಬಿಟ್ಟು ಮನೆಗೆ ಬರುತ್ತಾರೆ. ಗೆಳೆಯರ ಜೊತೆ ಸಾವನದುರ್ಗಕ್ಕೆ ಹೋದವರು ಕಾಲುಭಾಗ ಹತ್ತಿ, ಬಂಡೆಯನ್ನೊಮ್ಮೆ ತಲೆಯೆತ್ತಿ ನೋಡಿ, ಗೌರವದಿಂದ ಇಳಿದು ಬಂದಿದ್ದರು.

ಇದನ್ನು ಸೋಮಾರಿತನ ಎನ್ನುವ ಹಾಗಿಲ್ಲ. ಸಾಹೇಬರ ಪ್ರಕಾರ ಇದು ಅದಬ್, ಅಂದರೆ ಮರ್ಯಾದೆ. ಇದನ್ನು ಅವರಿಗೆ ಕಲಿಸಿದ್ದು ಮರ ಕಡೆಯುವ ಲೇತ್. ತಿರುಗುವ ಹಾಲೆಮರದ ತುಂಡಿನಲ್ಲಿ ಬಿರುಕಿದ್ದರೆ ಅದು ಉಳಿ ಹಿಡಿದ ಕೈಗೆ ಮೊದಲು ತಿಳಿಯುತ್ತದೆ, ಕಣ್ಣಿಗೆ ಆಮೇಲೆ. ತಿಳಿದ ಕೂಡಲೇ ತೆಗೆದು ಬಿಸಾಡಬೇಕು. ಅಂಥ ತುಂಡಿಗೆ ಅರಗು ಬಳಿಯುತ್ತ ಕೂತವನು ಕೆಲಸಗಾರನೇ ಅಲ್ಲ. ಮರದ ಮಟ್ಟಿಗೆ ಇದು ಸರಿಯಾದ ಮಾತು. ಸಾಹೇಬರು ಅದನ್ನು ಹಾಗೇ ಎತ್ತಿಕೊಂಡು ಹೋಗಿ ಮೊಬೈಲಿನ ಚದುರಂಗದೊಳಗೆ ಇಟ್ಟರು.

ಆ ಆಟದಲ್ಲಿ ಒಂದು ಮೂಲೆಗೆ ಪುಟ್ಟ ಬಿಳಿ ಬಾವುಟವಿದೆ. ಒತ್ತಿದರೆ ಸೋಲೊಪ್ಪಿಕೊಂಡಂತೆ. ಸಾಹೇಬರು ಹದಿನೈದನೇ ನಡೆಯ ಹೊತ್ತಿಗೆ ಅದನ್ನು ಒತ್ತಿ, ಚಹಾದಂಗಡಿಗೆ ಬಂದು ಭಾಷಣಕ್ಕೆ ನಿಲ್ಲುತ್ತಿದ್ದರು.

"ಸೋತೆ ಅಂತ ಗೊತ್ತಾದ್ಮೇಲೂ ಕೂತಿರೋನು ಎದುರಿನವನ ಟೈಮ್ ಕದೀತಾನೆ ಕಣಯ್ಯ. ಅದು ಗೊತ್ತಾಗಕ್ಕೂ ಒಂದು ಲೆವೆಲ್ ಬೇಕು."

"ಹಂಗಾರೆ ಭಾಷಣ ಸೋತಿರೋದು ನಿಮಗ್ಯಾಕೆ ಗೊತ್ತಾಗ್ತಾ ಇಲ್ಲ ಭಾಯ್?" ಎಂದು ಪಕ್ಕದ ಬಣ್ಣದಂಗಡಿಯ ಶುಕೂರ್ ಕೇಳಿದ್ದುಂಟು.

ಎದುರಾಳಿ ಒಬ್ಬರೇ: ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಬಸವಯ್ಯ. ಎರಡು ವರ್ಷದ ಹಿಂದೆ ಅವರ ಮನೆಯ ಚದುರಂಗದ ಮಂತ್ರಿಯನ್ನು ಇಲಿ ಕಡಿದುಹಾಕಿತ್ತು. ಉಳಿದ ಕಾಯಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಚನ್ನಪಟ್ಟಣಕ್ಕೆ ಬಂದಿದ್ದರು. ಸಮದ್ ಸಾಹೇಬರು ಹತ್ತು ನಿಮಿಷದಲ್ಲಿ ಹೊಸ ಮಂತ್ರಿ ಮಾಡಿಕೊಟ್ಟರು. ಅದು ರಾಜನಿಗಿಂತ ಅರ್ಧ ಇಂಚು ಎತ್ತರವಾಯಿತು, ಅದರ ಬಗ್ಗೆ ಮಾತಾಡುತ್ತ ಸ್ನೇಹ ಬೆಳೆಯಿತು. ಅಂದಿನಿಂದ ಮೊಬೈಲಿನಲ್ಲಿ ಆಟ. ಒಂದು ನಡೆಗೆ ಒಂದು ದಿನದ ಗಡುವು. ಬಸವಯ್ಯ ಡೈರಿಗೆ ಹಾಲು ಹಾಕಿ ಬಂದು ಒಂದು ನಡೆ ನಡೆಸಿದರೆ, ಸಾಹೇಬರು ಎರಡು ಗಿಲಕಿಯ ನಡುವೆ ಉತ್ತರ ಕೊಡುತ್ತಿದ್ದರು.

ಮೂರು ತಿಂಗಳ ಹಿಂದೆ ಒಂದು ಆಟದಲ್ಲಿ ಸಾಹೇಬರ ಮಂತ್ರಿ ಹೋಯಿತು. ಸಾಹೇಬರು ತಡಮಾಡದೆ ಬಾವುಟ ಒತ್ತಿ, ಹೊಸ ಆಟಕ್ಕೆ ಕರೆ ಕಳಿಸಿದರು. ಬಸವಯ್ಯ ಒಪ್ಪಲಿಲ್ಲ. ಮರುದಿನವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಆದರೆ ಹೆಸರಿನ ಮುಂದೆ ಹಸಿರು ಚುಕ್ಕಿ ಬೆಳಗುತ್ತಿತ್ತು, ಆರುತ್ತಿತ್ತು, ಮತ್ತೆ ಬೆಳಗುತ್ತಿತ್ತು. ಸಾಹೇಬರು ಲೇತ್ ನಿಲ್ಲಿಸಿ ಮೊಬೈಲ್ ನೋಡುವರು, ಶುರುಮಾಡಿ ಮತ್ತೆ ನಿಲ್ಲಿಸುವರು. ನಾಲ್ಕು ದಿನದಲ್ಲಿ ಹನ್ನೊಂದು ಗಿಲಕಿಗಳ ಕುತ್ತಿಗೆ ಮುರಿಯಿತು.

ಕೊನೆಗೆ ಮಗಳು ಅಸ್ರಾ ಮೊಬೈಲ್ ಕಿತ್ತುಕೊಂಡು, ಮುಗಿದ ಆಟವನ್ನು ತಿರುಗಿಸಿ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ಅಬ್ಬಾ, ನೀವು ಈ ಆಟ ಸೋತೇ ಇರ್ಲಿಲ್ಲ. ಇಲ್ನೋಡಿ, ಕುದುರೆ ಇಲ್ಲಿಗೆ ಇಟ್ಟಿದ್ರೆ ಎರಡೇ ನಡೆಗೆ ಅವರಿಗೆ ಚೆಕ್‌ಮೇಟ್. ಇದು ಅವರಿಗೂ ಕಂಡಿರುತ್ತೆ."

ತಾಹೇರಾ ಮನೆಯಲ್ಲಿ ಮಾತಾಡುವುದು ಉರ್ದು. ಗಂಡನನ್ನು ಚುಚ್ಚುವಾಗ ಮಾತ್ರ ಬೀದಿಗೆಲ್ಲ ಅರ್ಥವಾಗಲೆಂದು ಕನ್ನಡ. "ಗೆದ್ದಿರೋದು ಗೊತ್ತಾಗಕ್ಕೂ ಒಂದು ಲೆವೆಲ್ ಬೇಕೇನೋ" ಎಂದರು.

ಮರುದಿನ ಸಾಹೇಬರು ಬಸ್ ನಿಲ್ದಾಣದಲ್ಲಿ ನಲವತ್ತು ನಿಮಿಷ ಕಾದರು. ಇದನ್ನು ಕಣ್ಣಾರೆ ಕಂಡ ಶುಕೂರ್ ಯಾರಿಗೆ ಹುಷಾರಿಲ್ಲವೆಂದು ವಿಚಾರಿಸಿದ. ಸಾಹೇಬರು ಕನಕಪುರದಲ್ಲಿ ಬಸ್ಸು ಬದಲಿಸಿ, ಕೋಡಿಹಳ್ಳಿಯ ದಾರಿಯುದ್ದಕ್ಕೂ ಒಂದೊಂದೇ ಸುಳ್ಳು ಕಟ್ಟಿದರು. ಬೆರಳು ತಾಗಿತು ಎನ್ನಬಹುದು. ನೆಟ್‌ವರ್ಕ್ ಕೈಕೊಟ್ಟಿತು ಎನ್ನಬಹುದು.

ಬಸವಯ್ಯ ಕೊಟ್ಟಿಗೆ ಗುಡಿಸುತ್ತಿದ್ದರು. ಪೊರಕೆ ಬಿಡಲಿಲ್ಲ.

"ಗೆದ್ದಿದ್ ಆಟ ಬುಟ್ಟು ಎದ್ದೋದ್ರಲ್ಲ ಸಾಬ್ರೇ. ನಾನೇನ್ ನಿಮ್ಮತ್ರ ಭಿಕ್ಸೆ ಕೇಳಿದ್ನಾ? ಪಾಪ, ಹಳ್ಳಿಯೋನು, ಗೆಲ್ಲಲಿ ಅಂತ ಬುಟ್ಕೊಟ್ರಾ?"

ಸಾಹೇಬರು ಕಟ್ಟಿ ತಂದ ಸುಳ್ಳುಗಳಿಗಿಂತ ಇದು ಎಷ್ಟೋ ಚೆನ್ನಾಗಿತ್ತು. ಸುಮ್ಮನೆ ತಲೆ ತಗ್ಗಿಸಿ ನಿಂತರೆ ದೊಡ್ಡ ಮನಸ್ಸಿನವರು ಎಂಬ ಹೆಸರು ಪುಕ್ಕಟೆ ಸಿಗುತ್ತಿತ್ತು. ಸ್ನೇಹ ಮಾತ್ರ ಅಲ್ಲೇ ಸಗಣಿಯ ಜೊತೆ ಗುಡಿಸಿಹೋಗುತ್ತಿತ್ತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಹಸುವನ್ನು ನೋಡಿದರು.

"ನಂಗೆ ಕಾಣಿಸ್ಲಿಲ್ಲ ಬಸವಣ್ಣ."

"ಏನ್ ಕಾಣಿಸ್ಲಿಲ್ಲ?"

"ಕುದುರೆ."

ಪೊರಕೆ ನಿಂತಿತು. "ಅಷ್ಟ್ ದೊಡ್ ಕುದ್ರೆನಾ?"

"ಮಂತ್ರಿ ಹೋಯ್ತಲ್ಲ, ಮುಗೀತು ಅಂದ್ಕೊಂಡ್ಬುಟ್ಟೆ. ನಾನು ಯಾವತ್ತೂ ಮುಂದಕ್ಕೆ ನೋಡೋದೇ ಇಲ್ಲ. ಬಾವುಟ ಒತ್ಬುಡ್ತೀನಿ."

ಬಸವಯ್ಯ ಕೈಕಾಲು ತೊಳೆದು ಬಂದು, ಮುದ್ದೆ ಬಸ್ಸಾರಿಗೆ ಕೂರಿಸಿದರು. ಹೊಟ್ಟೆಯಲ್ಲಿದ್ದ ಉಳಿದ ದೂರು ಅಲ್ಲಿ ಹೊರಬಂತು.

"ಇಪ್ಪತ್ಮೂರು ಆಟ ಗೆದ್ದಿವ್ನಿ ನಾನು. ಒಂದ್ರಲ್ಲಾದ್ರೂ ಚೆಕ್‌ಮೇಟ್ ಅನ್ನೋಕೆ ಬುಟ್ಟಿದ್ದೀರಾ? ನಮ್ ಕಡೆ ಪಂಕ್ತಿಲಿ ಕೂತ್ರೆ ಕೊನೆಯೋನು ಉಂಡು ಮುಗಿಸೋಗಂಟ ಯಾರೂ ಏಳಾಂಗಿಲ್ಲ. ನಾನು ಪಾಯ್ಸದ ಪಾತ್ರೆ ಹಿಡ್ಕಂಡು ಬತ್ತಾ ಇರ್ತೀನಿ, ನೀವು ಎಲೆ ಮಡಿಚ್ಬುಟ್ಟು ಕೈ ತೊಳೀತಾ ಇರ್ತೀರ. ಬಡಿಸೋನ್ಗೆ ಎಂಗಾಗ್ಬೇಡ?"

ಮರ್ಯಾದೆಯೆಂದು ತಾವು ಎರಡು ವರ್ಷ ಹಂಚಿದ್ದು ಕೋಡಿಹಳ್ಳಿಯಲ್ಲಿ ಹೀಗೆ ತಲುಪುತ್ತಿತ್ತೆಂದು ಸಾಹೇಬರು ಎಣಿಸಿರಲಿಲ್ಲ. "ಇನ್ಮೇಲೆ ಏಳಲ್ಲ" ಎಂದು ಮಾತು ಕೊಟ್ಟರು.

ಹೊಸ ಆಟ ಶುರುವಾಯಿತು. ಹನ್ನೆರಡನೇ ನಡೆಗೇ ಸಾಹೇಬರ ಆನೆ ಹೋಯಿತು. ಹೆಬ್ಬೆರಳು ತಾನಾಗಿ ಬಾವುಟದತ್ತ ಸರಿಯಿತು, ಎಳೆದುಕೊಂಡರು. ಒಂಟೆ ಹೋಯಿತು, ಕುದುರೆ ಹೋಯಿತು, ಪೇದೆಗಳು ಒಂದೊಂದಾಗಿ ಉದುರಿದವು. ಬಸವಯ್ಯ ದಿನಕ್ಕೊಂದು ನಡೆಯಂತೆ ನಿಧಾನವಾಗಿ, ಪ್ರೀತಿಯಿಂದ ಬಡಿಸುತ್ತಿದ್ದರು. ಬಿರುಕುಬಿಟ್ಟ ಮರಕ್ಕೆ ವಾರಗಟ್ಟಲೆ ಅರಗು ಬಳಿದ ಹಾಗೆ ಸಾಹೇಬರಿಗೆ ಮೈಯೆಲ್ಲ ತುರಿಕೆ. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಓಡಾಡಿದರು. "ಸೋಲೋಕೂ ಇಷ್ಟ್ ದಿನ ಬೇಕಾ?" ಎಂದು ತಾಹೇರಾ ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟರು. ಸಾಹೇಬರು ಹುಡುಕಿ ತೆಗೆದರು.

ಕೊನೆಗೆ ಮೂಲೆಯಲ್ಲಿ ಒಂಟಿ ರಾಜ ಉಳಿದ. ಬಸವಯ್ಯನ ನಡೆ ಬಾಕಿ. ಆನೆಯನ್ನು ಕೆಳಗಿಳಿಸಿದರೆ ಚೆಕ್‌ಮೇಟ್. ಆದರೆ ಅವರ ಪೇದೆಯೊಂದು ಕೊನೆಯ ಮನೆಯ ಬಾಗಿಲಲ್ಲಿ ನಿಂತಿತ್ತು. ಅದನ್ನು ಇನ್ನೊಂದು ಮಂತ್ರಿ ಮಾಡುವ ಆಸೆಗೆ ಬಿದ್ದರೆ ರಾಜನಿಗೆ ಚೆಕ್ಕೂ ಇಲ್ಲ, ಕಾಲಿಡಲು ಮನೆಯೂ ಇಲ್ಲ. ಆಟ ಡ್ರಾ. ಇದು ಸಾಹೇಬರಿಗೆ ಕಂಡಿತು. ಜೀವನದಲ್ಲಿ ಮೊದಲ ಸಲ ಮುಂದಿನ ನಡೆ ಕಂಡಿತ್ತು.

ಈಗ ಬಾವುಟ ಒತ್ತಿದರೆ ಬಸವಯ್ಯ ಗೆದ್ದಂತೆ. ಆದರೆ ಈ ಸಲ ಅದು ನಿಜವಾಗಿಯೂ ಭಿಕ್ಷೆ. ಬೆರಳು ಹೋಯಿತು, ಬಂತು, ಹೋಯಿತು. ಮೊಬೈಲನ್ನು ಮಗಳ ಕೈಗೆ ಕೊಟ್ಟು ಲೇತಿನ ಮುಂದೆ ಕೂತರು. ಏನೂ ಕಡೆಯಲಿಲ್ಲ, ಲೇತ್ ಸುಮ್ಮನೆ ತಿರುಗುತ್ತಿತ್ತು.

ಮಧ್ಯಾಹ್ನ ಅಸ್ರಾ ಕೂಗಿದಳು. "ಅಬ್ಬಾ, ಮಂತ್ರಿ ಮಾಡಿದ್ರು. ಡ್ರಾ."

ಬೆನ್ನಿಗೇ ಫೋನ್ ಬಂತು. ಬಸವಯ್ಯನ ದನಿ ಇಳಿದಿತ್ತು. "ಸಾಬ್ರೇ, ನಿಮಗಿದು ಮೊದ್ಲೇ ಕಂಡಿತ್ತಾ?"

"ಕಂಡಿತ್ತು."

"ಮತ್ಯಾಕ್ ಬುಟ್ಕೊಡ್ಲಿಲ್ಲ? ಕೈಗ್ ಬಂದಿತ್ತಲ್ಲ ನನ್ ಚೆಕ್‌ಮೇಟು."

"ನೀವಿನ್ನೂ ಬಡಿಸ್ತಾ ಇದ್ರಲ್ಲ ಬಸವಣ್ಣ. ಹೆಂಗ್ ಏಳೋದು?"

ಆ ಕಡೆ ಹಸುವೊಂದು ಅಂಬಾ ಎಂದಿತು.

"ಒಸಿ ಜಾಸ್ತಿ ಬಡಿಸ್ಬುಟ್ಟೆ" ಎಂದರು ಬಸವಯ್ಯ. "ಆಗ್ಲಿ. ಇನ್ನೊಂದು ಎಲೆ ಹಾಕ್ತಾ ಇವ್ನಿ, ಕೂತ್ಕಳಿ."