ಕ್ರೇನಣ್ಣ ಅನ್ನ ಬಿಟ್ಟ ಒಂಬತ್ತು ದಿನ

ಇಪ್ಪತ್ತಾರು ವರ್ಷ ಜನರ ಮನೆ ಸಾಮಾನು ಹೊತ್ತವನಿಗೆ ಕ್ರೇನಣ್ಣ ಎಂದು ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಫ್ರಿಜ್ಜನ್ನು ಬೆನ್ನಿಗೆ ಬಿಗಿದುಕೊಂಡು ಮೂರು ಮಹಡಿ ಹತ್ತಿ, ಮೇಲೆ ನಿಂತು ಮನೆಯವರ ಜೊತೆ ಹವೆಯ ಬಗ್ಗೆ ಹರಟುವ ಆಸಾಮಿ ಅವನು. ಈಚೆಗೆ ಮಾತ್ರ ಅವನ ಹೊಟ್ಟೆ ಅವನಿಗಿಂತ ಒಂದು ಮೆಟ್ಟಿಲು ಮುಂದೆ ಹತ್ತತೊಡಗಿತ್ತು.

ಹೆಂಡತಿ ಬೆನ್ನು ಹತ್ತಿ ರಕ್ತ ಪರೀಕ್ಷೆ ಮಾಡಿಸಿದಳು. ಡಾಕ್ಟರಮ್ಮ ಕಾಗದ ನೋಡಿದರು. "ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಬಾಗಿಲು ತಟ್ತಾ ಇದೆ. ಸಿಹಿ ಪಾನೀಯ ಬಿಡಿ. ಕಾಳು, ತರಕಾರಿ ಜಾಸ್ತಿ ತಿನ್ನಿ. ಮೂರು ತಿಂಗಳು ಬಿಟ್ಟು ಬನ್ನಿ."

ಅಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಆದರೆ ಸಾಮಾನಿನ ಇನ್ನೊಂದು ತುದಿ ಹಿಡಿಯುತ್ತಿದ್ದವನು ಹೆಂಡತಿಯ ತಮ್ಮ. ಮೊಬೈಲಿನಲ್ಲಿ ದಿನಕ್ಕೆ ಹತ್ತು ವಿಡಿಯೋ ನೋಡಿ ಹನ್ನೊಂದು ಅಭಿಪ್ರಾಯ ಕೊಡುವ ಪ್ರಾಣಿ.

"ಡಾಕ್ಟರಿಗೇನು ಗೊತ್ತು ಭಾವ? ಎಲ್ಲಾ ರೋಗಕ್ಕೂ ಕಾರ್ಬೋಹೈಡ್ರೇಟೇ ಮೂಲ. ಅನ್ನ, ಬ್ರೆಡ್ಡು, ಆಲೂಗಡ್ಡೆ, ಕಾಳು, ಹಣ್ಣು, ಎಲ್ಲಾ ಒಂದೇ ಗುಂಪು. ಪೂರ್ತಿ ಕಟ್ ಮಾಡು."

"ಮತ್ತೆ ತಿನ್ನೋದೇನು?"

"ಮೊಟ್ಟೆ, ಮಾಂಸ, ಚೀಸು."

ಡಾಕ್ಟರಮ್ಮನ ಪಟ್ಟಿಗಿಂತ ಈ ಪಟ್ಟಿ ಕ್ರೇನಣ್ಣನ ಕಿವಿಗೆ ಹಿತವಾಗಿತ್ತು. ಮರುದಿನದಿಂದಲೇ ಅನ್ನ ಬಂದ್. ಕಾಳು, ಹಣ್ಣು, ಕ್ಯಾರೆಟ್ಟು ಕೂಡ ಬಂದ್. ದಿನಕ್ಕೆ ಆರು ಬಾಟಲಿ ಕಿತ್ತಳೆ ಬಣ್ಣದ ಸಿಹಿ ಸೋಡಾ ಮಾತ್ರ ಯಥಾಪ್ರಕಾರ ಗಂಟಲಿಗೆ ಇಳಿಯುತ್ತಿತ್ತು. ಅದು ನೀರಿನ ಜಾತಿ, ಕುಡಿಯುವುದೇ ಹೊರತು ತಿನ್ನುವುದಲ್ಲ ಎಂಬುದು ಅವನ ವಾದ. ಹೆಂಡತಿ ಒಂದೆರಡು ಸಲ ಬಾಯಿ ತೆರೆದಳು. ಮೊಟ್ಟೆ ಬಾಣಲೆಯಾಚೆಯಿಂದ ಗಂಡ ಗುರ್ರೆಂದದ್ದು ನೋಡಿ ಸುಮ್ಮನಾದಳು.

ಮೂರನೆಯ ದಿನ ತಲೆನೋವು. ಐದನೆಯ ದಿನ ಕಾರಣವಿಲ್ಲದೆ ಲಾರಿಯ ಚಕ್ರಕ್ಕೆ ಒದ್ದ. ಆರನೆಯ ದಿನದಿಂದ ಬೆಳಗಿನ ಹೊತ್ತು ಮನೆಯ ಒಂದೇ ಒಂದು ಕಕ್ಕಸು ಅವನ ವಶ. ಆಫೀಸಿಗೆ ಹೊರಟ ಮಗಳು ಹೊರಗೆ ನಿಂತು, "ಅಪ್ಪಾ, ಸೋತೆ ಅಂತ ಒಪ್ಕೊಂಡು ಹೊರಗೆ ಬಾ," ಎನ್ನುತ್ತಿದ್ದಳು.

ಒಂಬತ್ತನೆಯ ದಿನ ನಿವೃತ್ತ ನರ್ಸಮ್ಮ ಒಬ್ಬರ ಸಾಮಾನು ನಾಲ್ಕನೆಯ ಮಹಡಿಗೆ ಏರಿಸಬೇಕಿತ್ತು. ಅವರ ಮೂರು ಬಾಗಿಲಿನ ಬೀರು ಲಿಫ್ಟಿನಲ್ಲಿ ಹಿಡಿಯಲಿಲ್ಲ. ನರ್ಸಮ್ಮ ಮುಂದೆ, ಅವರ ಹಿಂದೆ ಬೀರುವಿನ ಮೇಲ್ತುದಿ ಹಿಡಿದ ಭಾಮೈದ, ಕೆಳಗೆ ಭಾರವೆಲ್ಲ ಹೊತ್ತ ಕ್ರೇನಣ್ಣ. ಮೂರನೆಯ ಮಹಡಿ ದಾಟಿದ ತಿರುವಿನಲ್ಲಿ ಯಾರೋ ಅವನ ಕರುಳನ್ನು ಒದ್ದೆ ಬಟ್ಟೆಯಂತೆ ಹಿಂಡಿದರು. ಬೀರುವನ್ನು ಹೇಗೋ ಗೋಡೆಗೂ ಕಂಬಿಗೂ ಆನಿಸಿ ಕುಸಿದು ಕುಳಿತ. ಈಗ ಮೇಲಿನವರು ಇಳಿಯುವಂತಿಲ್ಲ, ಕೆಳಗಿನವರು ಏರುವಂತಿಲ್ಲ.

ಬೀರುವಿನ ಆಚೆಯಿಂದ ನರ್ಸಮ್ಮನ ದನಿ ಬಂತು. "ಎದೆ ನೋವಾ?"

"ಇಲ್ಲಮ್ಮ, ಹೊಟ್ಟೆ."

"ಏನು ತಿಂದಿದೀರಿ?"

"ನಾಲ್ಕು ಮೊಟ್ಟೆ. ಒಂಬತ್ತು ದಿನದಿಂದ ಬರೀ ಮೊಟ್ಟೆ, ಮಾಂಸ."

"ಹೊರಗಡೆಗೆ ಹೋಗಿ ಎಷ್ಟು ದಿನ ಆಯ್ತು?"

ಅಷ್ಟು ಹೊತ್ತಿಗೆ ಅವನ ಹಿಂದೆ, ನಾಲ್ಕನೆಯ ಮಹಡಿಯ ಟೀಚರಮ್ಮ ಚೀಲ ಹಿಡಿದು ಬಂದು ನಿಂತಿದ್ದರು. ಕ್ರೇನಣ್ಣ ಏನೋ ಗೊಣಗಿದ.

"ಕೇಳಿಸ್ತಿಲ್ಲ, ಜೋರಾಗಿ ಹೇಳಿ. ಮಧ್ಯೆ ಬೀರು ಇದೆ."

"ಆರು ದಿನ," ಎಂದು ಅವನು ಕೂಗಿದ. ಎರಡನೆಯ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ನೋಡಿದರು.

ವಿಚಾರಣೆ ಮುಂದುವರಿಯಿತು. ಕಾಳಿಲ್ಲ, ಹಣ್ಣಿಲ್ಲ, ಸೋಡಾ ಆರು ಬಾಟಲಿ. ಕೊನೆಯದಕ್ಕೆ ನರ್ಸಮ್ಮ ಹಣೆ ಚಚ್ಚಿಕೊಂಡದ್ದು ನೋಡಿ ಭಾಮೈದ ಬೆಚ್ಚಿದ.

"ಸೋಡಾದಲ್ಲೂ ಕಾರ್ಬೋಹೈಡ್ರೇಟ್ ಇರುತ್ತಾ ಮೇಡಂ?"

"ನೀರು, ಬಣ್ಣ ಬಿಟ್ರೆ ಅದರಲ್ಲಿ ಇರೋದೇ ಅದಪ್ಪ," ಎಂದು ನರ್ಸಮ್ಮ ಬೀರುವಿನತ್ತ ತಿರುಗಿದರು. "ನೋಡಿ, ಕಾರ್ಬೋಹೈಡ್ರೇಟ್ ಅಂದ್ರೆ ದೊಡ್ಡ ಕುಟುಂಬ. ದುಡಿಯೋರೂ ಇದಾರೆ, ಉಂಡಾಡಿಗಳೂ ಇದಾರೆ. ಕಾಳು, ತೌಡು ತೆಗೆಯದ ಧಾನ್ಯ, ಇಡೀ ಹಣ್ಣು ಇವೆಲ್ಲ ನಾರನ್ನ ಕರ್ಕೊಂಡು ಬರ್ತವೆ, ಹೊಟ್ಟೆ ಸಲೀಸು ಮಾಡ್ತವೆ, ನಿಧಾನ ಕರಗ್ತವೆ, ದುಡಿಯೋಕೆ ಶಕ್ತಿ ಕೊಡ್ತವೆ. ಸೋಡಾದ ಸಕ್ಕರೆ ಒಂದೇ ಸಲ ರಕ್ತಕ್ಕೆ ನುಗ್ಗುತ್ತೆ. ನೀವು ದುಡಿಯೋರನ್ನ ಮನೆಯಿಂದ ಓಡಿಸಿ ಉಂಡಾಡಿಗೆ ಮಣೆ ಹಾಕಿದೀರಿ."

"ಅನ್ನ ತಿನ್ಬಹುದಾ?" ಕ್ರೇನಣ್ಣ ಬೀರುವಿಗೆ ಕಿವಿ ಆನಿಸಿ ಕೇಳಿದ.

"ತಿನ್ನಿ. ತಟ್ಟೆ ಪೂರ್ತಿ ಅಲ್ಲ, ಕಾಲು ಭಾಗ. ಅರ್ಧ ತರಕಾರಿ. ಉಳಿದ ಕಾಲು ಭಾಗ ಕಾಳೋ ಮೊಟ್ಟೆಯೋ. ನೀರು ಕುಡೀರಿ."

ಟೀಚರಮ್ಮ ಚೀಲದಿಂದ ಎರಡು ಪೇರಳೆ ಹಣ್ಣು, ಒಂದು ಬಾಟಲಿ ನೀರು ತೆಗೆದು ಅವನ ಪಕ್ಕದಲ್ಲಿಟ್ಟರು. ಹಣ್ಣು ಕಚ್ಚಿದಾಗ ಕ್ರೇನಣ್ಣನ ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ. ಅರ್ಧ ಗಂಟೆಗೆ ಹಿಂಡುವುದು ನಿಂತು, ಬೀರು ಮೇಲೆ ಸೇರಿತು. ಕರುಳು ತನ್ನ ಲಯಕ್ಕೆ ಬರಲು ಇನ್ನೂ ಎರಡು ದಿನ ಹಿಡಿಯಿತು. ಆ ಸುದ್ದಿಯನ್ನು ಮಗಳೇ ಫೋನಿನಲ್ಲಿ ಅತ್ತೆಯಂದಿರಿಗೆಲ್ಲ ಮುಟ್ಟಿಸಿದಳು.

ಸೋಡಾ ಬಿಡುವುದು ಅನ್ನ ಬಿಟ್ಟದ್ದಕ್ಕಿಂತ ಕಷ್ಟವಾಯಿತು. ಅಂಗಡಿ ಕಂಡಾಗಲೆಲ್ಲ ಹಳೆಯ ಪ್ರೇಮವನ್ನು ಕಂಡವನಂತೆ ಮುಖ ತಿರುಗಿಸಿ ನಡೆದ. ಮೂರು ತಿಂಗಳಿಗೆ ರಕ್ತದ ಲೆಕ್ಕ ಒಂದಿಷ್ಟು ಇಳಿಯಿತು. ಡಾಕ್ಟರಮ್ಮ, "ಇನ್ನೂ ಇಳೀಬೇಕು, ಇದೇ ದಾರೀಲಿ ಹೋಗಿ," ಎಂದರು.

ಆಮೇಲೆ ಶುರುವಾಯಿತು ಅವನ ಬೋಧನೆ. ಊಟಕ್ಕೆ ಕೂತರೆ ನಾರು, ಎದ್ದರೆ ನಾರು. ಒಂದು ದಿನ ಹೆಂಡತಿ ಸೌಟು ಕೆಳಗಿಟ್ಟಳು.

"ನೀನು ಅನ್ನ ಬಿಟ್ಟಿದ್ದಾಗಲೇ ವಾಸಿ ಇತ್ತು. ಗುರ್ ಅಂತಿದ್ದೆ ಅಷ್ಟೇ. ಈಗ ಭಾಷಣ."

ಕ್ರೇನಣ್ಣ ಇನ್ನೊಂದು ಸೌಟು ಕಾಳು ಹಾಕಿಸಿಕೊಂಡು, ಬಾಯಿ ಮುಚ್ಚಿ ಉಂಡ.