ಇಬ್ಬರು ಕೇಳಿದರೆ ಖರೆ

ಬಿಸಿಲಿಗೆ ಕಾದ ಚರ್ಮದ ವಾಸನೆ ಎಲ್ಲಿ ಬಂದರೂ ನನಗೆ ಅಪ್ಪನ ರೇಡಿಯೊ ನೆನಪಾಗುತ್ತದೆ. ಮೊನ್ನೆ ಸುರಪುರದ ಬಜಾರಿನಲ್ಲಿ ಚಪ್ಪಲಿ ಹೊಲಿಸಲು ನಿಂತಾಗಲೂ ಹಾಗೇ ಆಯಿತು. ಆಗ ನಾರಾಯಣಪುರದ ಹಿನ್ನೀರಿನ ದಂಡೆಗೆ ನಮ್ಮ ಕ್ವಾರ್ಟರ್ಸ್. ಅಪ್ಪ ನೀರಾವರಿ ಆಫೀಸಿನ ಗುಮಾಸ್ತ. ಚರ್ಮದ ಕವಚದೊಳಗೆ ಹಗಲೆಲ್ಲ ಕಿಟಕಿಯಲ್ಲಿ ಬಿಸಿಲಿಗೆ ಕಾದ ಆ ರೇಡಿಯೊ ಹೊತ್ತು ಮುಳುಗುವಾಗ ಕಟ್ಟೆಗೆ ಬರುತ್ತಿತ್ತು. ಊರ ಶಾಲೆಯ ಶರಣಪ್ಪ ಮಾಸ್ತರರೂ ಬರುತ್ತಿದ್ದರು. ಹಾಡು ಕೇಳುವುದಕ್ಕಲ್ಲ. ಆ ಹೊತ್ತಿನಲ್ಲಿ ಮೀಡಿಯಂ ವೇವ್ ಮೇಲೆ ಸಮುದ್ರದಾಚೆಯ ದನಿಗಳು ಸಣ್ಣಗೆ ತೇಲಿಬರುತ್ತವೆ. ಅವನ್ನು ಹಿಡಿಯುವುದು ಇಬ್ಬರಿಗೂ ಚಟ. ಮನೆಯಿಂದ ನೀರಿನಂಚಿನ ಬೇವಿನ ಗಿಡಕ್ಕೆ ಎಳೆದ ತಾಮ್ರದ ತಂತಿ ನೋಡಿ ಕಾಲೊನಿಯವರು ಏನೇನೋ ಅನುಮಾನ ಪಡುತ್ತಿದ್ದರು.

ಹಾಗೆ ನೋಡಿದರೆ ಅನುಮಾನದಲ್ಲಿ ಇವರಿಬ್ಬರನ್ನು ಮೀರಿಸುವವರು ಇರಲಿಲ್ಲ. ಸ್ಟೇಷನ್ ಸಿಕ್ಕವನು ತುಟಿ ಬಿಚ್ಚದೆ ಕಿವಿಯ ನಳಿಗೆಯನ್ನು, ಅಂದರೆ ಇಯರ್‌ಫೋನನ್ನು, ಇನ್ನೊಬ್ಬನಿಗೆ ಕೊಡಬೇಕು; ಆಮೇಲೆ ಇಬ್ಬರೂ ಕೂಡಿಯೇ ಹೆಸರು ಹೇಳಬೇಕು; ಎರಡೂ ಹೆಸರು ಒಂದೇ ಆದರಷ್ಟೇ ಕೇಳಿದಂತೆ. "ಒಬ್ಬಂವ ಕೇಳಿದ್ದು ಕನಸ್ರಿ, ಇಬ್ಬರು ಕೇಳಿದ್ರ ಖರೆ" ಎಂಬುದು ಮಾಸ್ತರರ ಮಾತು. ಅಪ್ಪ ಈ ಕಾನೂನನ್ನು ಅಡುಗೆಮನೆಗೂ ತಂದಿದ್ದ. ಹಾಲು ಒಡೆದಿದೆಯೆಂದು ನನ್ನವ್ವ ಹೇಳಿದರೆ ನಾನೂ ಮೂಸಿ ಹೌದೆನ್ನಬೇಕಿತ್ತು.

ಅಪ್ಪನಿಗೆ ಒಂದೇ ಒಂದು ಆಸೆ ಉಳಿದಿತ್ತು: ಆಫ್ರಿಕಾದ ಕಡಲ ದಂಡೆಯ ಒಂದು ಸಣ್ಣ ಸ್ಟೇಷನ್. ಚಳಿಗಾಲದ ಕೆಲವೇ ಸಂಜೆಗಳಲ್ಲಿ ಅದು ಇತ್ತ ಕಡೆ ಸುಳಿಯುತ್ತದಂತೆ. ಎಷ್ಟೋ ವರ್ಷ ಕಾದಿದ್ದ. ಆ ಚಳಿಗಾಲದಲ್ಲಿ ಅದೇ ಜಾಗಕ್ಕೆ ಮುಳ್ಳು ತಿರುಗಿಸಿದರೆ ಗುರ್ರೆನ್ನುವ ಗದ್ದಲವೊಂದು ಬಂದು ಕೂತಿತು. ಯಾರದೋ ಕಿತಾಪತಿ ಎಂದು ಇಬ್ಬರೂ ಅಂದೇ ತೀರ್ಪು ಕೊಟ್ಟರು.

ರೇಡಿಯೊ ಹಿಡಿದು ತಿರುಗಿಸಿದರೆ ಒಂದು ದಿಕ್ಕಿಗೆ ಗದ್ದಲ ಅಡಗುತ್ತದೆ. ಆಗ ರೇಡಿಯೊದ ಉದ್ದಕ್ಕೆ ಗೆರೆ ಎಳೆದರೆ ಆ ಗೆರೆಯ ಮೇಲೆಯೇ ಗದ್ದಲದ ಮೂಲ. ನಮ್ಮ ಕಟ್ಟೆಯಿಂದ ಗೆರೆ ಸೀದಾ ನೀರಿನ ಕಡೆಗೆ, ಹೊಲಕ್ಕೆ ನೀರೆತ್ತುವ ರೈತ ಭೀಮರಾಯನ ಪಂಪಿನ ಮೋಟಾರಿಗೆ ಹೋಗುತ್ತಿತ್ತು. ಇಬ್ಬರೂ ಪೊಲೀಸರಂತೆ ಹೊರಟರು, ಹಿಂದೆ ನಾನು. ಕೆಸರಿನಲ್ಲಿ ನಿಂತಿದ್ದ ಭೀಮರಾಯ, "ನನ್ ಮೋಟಾರ್ ನಿಮಗೇನ್ ಮಾಡೇತ್ರೀ?" ಎಂದು ಸಿಟ್ಟಿನಿಂದಲೇ ಬಂದ್ ಮಾಡಿದ. ಗದ್ದಲ ಹಾಗೇ ಇತ್ತು. ಮಾಸ್ತರರು ರೇಡಿಯೊ ನೋಡಿದರು, ನೀರು ನೋಡಿದರು, ಹಿಂತಿರುಗಿ ನಮ್ಮ ಮನೆ ನೋಡಿದರು. "ಗೆರಿಗೆ ಎರಡ್ ತುದಿ ಇರ್ತಾವಲ್ರಿ" ಎಂದರು.

ಇನ್ನೊಂದು ತುದಿಯಲ್ಲಿದ್ದದ್ದು ನಮ್ಮ ಆಯಿಯ ಕೋಣೆ. ಅಪ್ಪನ ತಾಯಿ, ದಮ್ಮಿನಿಂದ ಮಲಗಿದವಳು. ಚಳಿಗಾಲದಲ್ಲೂ ತಲೆಯ ಮೇಲೆ ಫ್ಯಾನ್ ಮೆಲ್ಲಗೆ ತಿರುಗಿದರಷ್ಟೇ ಅವಳಿಗೆ ಉಸಿರು. ಹಳೆಯ ರೆಗ್ಯುಲೇಟರ್ ಸುಟ್ಟಿದ್ದಕ್ಕೆ ಅಪ್ಪನೇ ಹೊಸದು ಕೂಡಿಸಿದ್ದ, ರೇಡಿಯೊದಲ್ಲಿ ಗುರುಗುಡುತ್ತಿದ್ದದ್ದು ಅದೇ. ಆಯಿಗೆ ವಿಷಯ ತಿಳಿದು, "ಬಂದ್ ಮಾಡೋ ಯಪ್ಪಾ, ಒಂದ್ ಘಳಿಗ್ಯಾಗ ನಾ ಏನ್ ಸಾಯಂಗಿಲ್ಲ" ಎಂದಳು. ಅಪ್ಪ ಮುಟ್ಟಲಿಲ್ಲ. ರೇಡಿಯೊ ತಗೊಂಡು ದೂರ ಬೇವಿನ ಗಿಡದ ಬುಡಕ್ಕೆ ಹೋಗೋಣವೆಂದು ಮಾಸ್ತರರು ಕರೆದರು.

"ಬ್ಯಾಡ್ರಿ ಮಾಸ್ತರ. ಅಲ್ಲಿಗೆ ಅವ್ವನ ಉಸಿರು ಕೇಳಸಂಗಿಲ್ಲ."

ಆಮೇಲೆಯೂ ಇಬ್ಬರೂ ದಿನಾ ಕೂತರು, ಗದ್ದಲದ ಮುಂದೆ, ಚಹಾ ಕುಡಿಯುತ್ತ. ಎಷ್ಟು ಒಳ್ಳೆಯ ಸಂಜೆಗಳು ಅವು! ನಿಮ್ಮ ಮನೆಯಲ್ಲೂ ಅಂಥವು ಇದ್ದಿರಬೇಕು. ಇದ್ದಾಗ ಯಾರಿಗೆ ಗೊತ್ತಾಗುತ್ತದೆ?

ಚಳಿ ಮುಗಿಯುವ ಮೊದಲೇ ಆಯಿ ಹೋದಳು. ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಮಾಸ್ತರರು ಬಂದು ಕಟ್ಟೆಯ ಮೇಲೆ ಕೂತರು. ಅಪ್ಪ ರೇಡಿಯೊ ತಂದ. ಅಂದು ಕಿವಿಯ ನಳಿಗೆ ಹಾಕಲಿಲ್ಲ. ಆಯಿಯ ಫ್ಯಾನ್ ಬಂದಾಗಿತ್ತು; ಮುಳ್ಳು ತಿರುಗಿಸಿದರೆ ಆ ಜಾಗ ತೊಳೆದಿಟ್ಟಷ್ಟು ಸ್ವಚ್ಛ. ಸ್ವಲ್ಪ ಹೊತ್ತಿಗೆ ಗಂಡಸಿನ ದನಿಯೊಂದು ಎದ್ದು, ಅಲೆಯಾಡಿ, ಸ್ಟೇಷನ್ನಿನ ಹೆಸರು ಹೇಳಿ, ಮತ್ತೆ ಮುಳುಗಿತು. ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು. ಖುಷಿಗೆ ನಾನು ಹೊಸ್ತಿಲು ದಾಟಿ ಮುಂದೆ ಬಂದೆ.

"ಏನ್ ಕೇಳಿಸ್ತ್ರಿ?" ಮಾಸ್ತರರು ಕೇಳಿದರು.

ಅಪ್ಪ ಆಯಿಯ ಕೋಣೆಯ ಕಡೆ ತಿರುಗಿದ್ದ. "ನನಗೇನೂ ಕೇಳಸಲಿಲ್ರಿ" ಎಂದ.

ಜೀವಮಾನದಲ್ಲಿ ಯಾರ ಮಾತನ್ನೂ ಸುಮ್ಮನೆ ನಂಬದ ಮಾಸ್ತರರು ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನನಗೂ ಇಲ್ರಿ" ಎಂದು ರೇಡಿಯೊ ಬಂದ್ ಮಾಡಿದರು.

ಈಗ ಆ ಇಬ್ಬರೂ ಇಲ್ಲ. ಆ ಸ್ಟೇಷನ್ನಿನ ಹೆಸರು ನನಗಿನ್ನೂ ನೆನಪಿದೆ. ಯಾರಿಗೂ ಹೇಳಿಲ್ಲ, ನನ್ನೊಬ್ಬಳ ಕಿವಿಗೆ ಬಿದ್ದದ್ದು.