ಪುಸ್ತಕದಲ್ಲಿಲ್ಲದ ಮೂರನೆಯ ಬಾವುಟ

ಹಡಗಿನವರಿಗೆಲ್ಲ ಅವನು ಬಾವುಟಣ್ಣ. ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ ಅವನ ಕೆಲಸ ಒಂದೇ: ಹಡಗಿನ ಮೇಲ್ಗಟ್ಟೆಯಲ್ಲಿ ನಿಂತು, ಎರಡು ಕೈಯಲ್ಲಿ ಎರಡು ಬಾವುಟ ಬೀಸಿ, ದೂರದ ಹಡಗಿಗೆ ಒಂದೊಂದೇ ಅಕ್ಷರವಾಗಿ ಸುದ್ದಿ ಮುಟ್ಟಿಸುವುದು. ಬಾಯಿ ತೆರೆದರೆ ಮಾತು ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕೈಗೆ ಬಾವುಟ ಬಂದರೆ ಮಾತ್ರ ಅರಳು ಹುರಿದಂತೆ ಮಾತಾಡುತ್ತಿದ್ದ. ಅವನ ಹರಟೆ ಕೇಳುವ ಆಸೆಗೇ ಹಡಗಿನ ಅರ್ಧ ಜನ ಆ ವಿದ್ಯೆ ಕಲಿತಿದ್ದರು ಎಂದರೆ ನೀವೇ ಲೆಕ್ಕ ಹಾಕಿ.

ನಿವೃತ್ತಿಯ ನಂತರ ಗಡಿಯಾರ ರಿಪೇರಿಯ ಪುಟ್ಟ ಅಂಗಡಿ ಇಟ್ಟ. ಅಲ್ಲಿ ಮಾತು ಬೇಕಿರಲಿಲ್ಲ; ಯಾವತ್ತು ಸಿಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರಾಯಿತು. ಮನೆಯಲ್ಲೂ ಬೇಕಿರಲಿಲ್ಲ, ಏಕೆಂದರೆ ಅವನ ಮಾತನ್ನೆಲ್ಲ ಹೆಂಡತಿಯೇ ಮುಗಿಸುತ್ತಿದ್ದಳು. “ಕಾ... ಕಾ...” ಎಂದರೆ, “ಕಾಫಿನಾ? ತಂದೆ, ಇರಿ.” ಪಾಪ, ಅವನಿಗೆ ಬೇಕಿದ್ದದ್ದು ಕಾಗದ. ಕಾಫಿ ಕುಡಿದು ಸುಮ್ಮನಾಗುತ್ತಿದ್ದ.

ಅವನಿಗೆ ಇದ್ದದ್ದು ಒಂದೇ ಕೊರಗು. ಹಳೆಯ ಹಡಗಿನವರು ವರ್ಷಕ್ಕೊಮ್ಮೆ ಮಧ್ಯಾಹ್ನದ ಊಟಕ್ಕೆ ಸೇರುತ್ತಿದ್ದರು. ಅಲ್ಲಿ ಅವನ ಬದುಕಿನ ಅತ್ಯುತ್ತಮ ತಮಾಷೆಯನ್ನು ಹಡಗಿನ ಅಡುಗೆಯವ ಸೌಟಪ್ಪ ತನ್ನದೆಂದು ಬಣ್ಣ ಕಟ್ಟಿ ಹೇಳುತ್ತಿದ್ದ. ಹನ್ನೆರಡು ವರ್ಷದಿಂದ ಇದೇ ಪಾಡು. ಬಾವುಟಣ್ಣ “ಅ... ಅದು...” ಎನ್ನುವಷ್ಟರಲ್ಲಿ ನಗು ಮುಗಿದು, ಎಲ್ಲರೂ ಸಿಹಿಗೆ ಕೈಹಾಕಿರುತ್ತಿದ್ದರು.

ಈ ಸಲ ಹೆಂಡತಿಯೂ ಜೊತೆಗೆ ಬಂದಿದ್ದಳು. ತನ್ನ ಗಂಡ ತಮಾಷೆಗಾರ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಇವತ್ತಾದರೂ ಗೊತ್ತಾಗಲಿ ಎಂದು ಅವನ ಜೀವ ಹಪಹಪಿಸುತ್ತಿತ್ತು.

ಸೌಟಪ್ಪ ಗಂಟಲು ಸರಿಮಾಡಿಕೊಂಡು ಎದ್ದ.

“ನಮ್ಮ ಹಡಗು ದೊಡ್ಡ ಸಾಹೇಬ್ರ ಹಡಗಿನ ಹಿಂದೆ ಹೋಗ್ತಿತ್ತು. ಈ ಬಾವುಟಣ್ಣ ಏನ್ ಮಾಡ್ದ ಗೊತ್ತಾ? ತನ್ನ ಕೆಂಪು ಗೀರಿನ ಚಡ್ಡಿ ಒಗೆದು, ಬಾವುಟ ಏರಿಸೋ ಹಗ್ಗದಲ್ಲಿ, ಎರಡು ಬಾವುಟದ ಪಕ್ಕಕ್ಕೇ ಒಣಹಾಕ್ಬಿಟ್ಟ! ಆ ಕಡೆಯಿಂದ ಸುದ್ದಿ ಬಂತು: ‘ನಿಮ್ಮ ಮೂರನೆಯ ಬಾವುಟ ನಮ್ಮ ಸಂಕೇತಗಳ ಪುಸ್ತಕದಲ್ಲಿಲ್ಲ. ಅರ್ಥ ತಿಳಿಸಿ.’ ಇವ್ನು ಗಡಗಡ ನಡುಗ್ತಾ ನಿಂತಿದ್ದ. ಕೊನೆಗೆ ನಾನೇ ಉತ್ತರ ಹೇಳ್ಕೊಟ್ಟೆ: ‘ಅದು ಚಡ್ಡಿ. ಒಣಗುತ್ತಿದೆ.’”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹೆಂಡತಿ ಮಾತ್ರ ನಗಲಿಲ್ಲ. “ಅಯ್ಯೋ, ನಿಮ್ಮ ಚಡ್ಡೀನಾ?” ಎಂದು ಪಿಸುಗುಟ್ಟಿ ತಲೆ ತಗ್ಗಿಸಿದಳು.

ಬಾವುಟಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತ. “ಅ... ಅ...” ಬಾಯಿ ಎಂದಿನಂತೆ ಕೈಕೊಟ್ಟಿತು. ಹೆಂಡತಿ ಮಾತು ಮುಗಿಸಿಕೊಡಲು ಸಿದ್ಧಳಾದಳು. ಅಷ್ಟರಲ್ಲಿ ಅವನು ಅವಳ ಮುಂದಿದ್ದ ಕೈವಸ್ತ್ರವನ್ನೂ ತನ್ನದನ್ನೂ ಎತ್ತಿಕೊಂಡು ಕುರ್ಚಿಯೇರಿಬಿಟ್ಟ. ಎಪ್ಪತ್ತರ ಭುಜಗಳು ಲಟಲಟ ಎಂದವು. ಎನ್ನಲಿ ಬಿಡಿ. ತೋಳು ಬೀಸಿದ.

ಹಡಗಿನಲ್ಲಿ ಕಟ್ಟುನಿಟ್ಟಾದ ಒಂದು ಪದ್ಧತಿಯಿತ್ತು. ಬಾವುಟದ ಸುದ್ದಿ ಕಂಡವನು ಪ್ರತಿಯೊಂದು ಪದವನ್ನೂ ಗಟ್ಟಿಯಾಗಿ ಕೂಗಬೇಕು, ಪಕ್ಕದವನು ಬರೆದುಕೊಳ್ಳಬೇಕು. ಆ ಅಭ್ಯಾಸ ಯಾರನ್ನೂ ಬಿಟ್ಟಿರಲಿಲ್ಲ.

“ಚಡ್ಡಿ!” ಎಂದು ಸಭಾಂಗಣ ಒಕ್ಕೊರಲಿನಿಂದ ಕೂಗಿತು. ಎಲ್ಲರಿಗಿಂತ ಜೋರು ದನಿ ಸೌಟಪ್ಪನದು. ಆಲೂಗಡ್ಡೆ ಸುಲಿಯುತ್ತಾ ಬಾವುಟಣ್ಣನಿಂದಲೇ ಕಲಿತವನಲ್ಲವೇ?

“ಅಡುಗೆಯವನದು!” ಎಂದು ಮುಂದಿನ ಪದವನ್ನೂ ಸೌಟಪ್ಪ ಎದೆಯುಬ್ಬಿಸಿ ಕೂಗಿಯೇಬಿಟ್ಟ. ಕೂಗಿದ ಮೇಲೆ ಹೊಳೆಯಿತು. ಇಂಗು ತಿಂದ ಮಂಗನಂತೆ ಕೂತ.

“ಉತ್ತರ! ನನ್ನದು!” ಎಂದು ಉಳಿದವರು ಮುಂದುವರಿಸಿದರು.

ಬಾವುಟಣ್ಣ ಅಲ್ಲಿಗೂ ನಿಲ್ಲಿಸಲಿಲ್ಲ. ಆವತ್ತು ಸಾಹೇಬರ ಹಡಗಿನಿಂದ ಮರುಸುದ್ದಿಯೊಂದು ಬಂದಿತ್ತು. ಆಗ ಮೇಲ್ಗಟ್ಟೆಯಲ್ಲಿ ಬೇರೆ ಯಾರೂ ಇರಲಿಲ್ಲ; ಅದನ್ನು ಓದಿದವನು ಅವನೊಬ್ಬನೇ. ಚಡ್ಡಿಯ ಯಜಮಾನ ಆ ಹೊತ್ತಿಗೆ ಶಿಕ್ಷೆಗೆ ಹೆದರಿ ಹಿಟ್ಟಿನ ಮೂಟೆಗಳ ಹಿಂದೆ ಅವಿತಿದ್ದ. ಇಷ್ಟು ವರ್ಷ ಭುಜದಲ್ಲೇ ಉಳಿದಿದ್ದ ಆ ಸುದ್ದಿಯನ್ನು ಈಗ ನಿಧಾನವಾಗಿ ಬೀಸಿದ. ಜನ ಒಂದೊಂದೇ ಪದ ಕೂಗಿದರು: “ಅರ್ಥವಾಯಿತು... ಇನ್ನೂ... ಎರಡು... ಗಂಟೆ... ಬಿಸಿಲಿದೆ!”

ಮೇಜುಗಳ ಮೇಲಿನ ಲೋಟಗಳೆಲ್ಲ ಕುಣಿದವು. ಸೌಟಪ್ಪನೇ ಹೊಟ್ಟೆ ಹಿಡಿದುಕೊಂಡು ನಕ್ಕ. “ನಂದೇ ಕಣ್ರೋ ಚಡ್ಡಿ, ಒಪ್ಕೊಂಡೆ!” ಎಂದು ಬಂದು, ಗೆಳೆಯನನ್ನು ಕುರ್ಚಿಯಿಂದ ಅನಾಮತ್ತಾಗಿ ಎತ್ತಿ ಇಳಿಸಿದ.

ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. “ಇಷ್ಟೆಲ್ಲ ತಮಾಷೆ ಹೊಟ್ಟೆಯೊಳಗೇ ಇಟ್ಕೊಂಡಿದ್ರಾ? ಇಷ್ಟು ವರ್ಷ ನಂಗ್ಯಾಕೆ ಒಂದಿನಾನೂ ಹೇಳ್ಲಿಲ್ಲ?”

“ನೀ... ನೀ...”

ಅವಳು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ಇಡೀ ಸಭಾಂಗಣ ಕಾಯಿತು. ಬಾವುಟಣ್ಣನಿಗೆ ಜೀವನದಲ್ಲಿ ಮೊದಲ ಸಲ ಯಾವ ಅವಸರವೂ ಇರಲಿಲ್ಲ.

“ನೀ... ನೀನು ಬಿ... ಬಿಟ್ರೆ ತಾನೇ!” ಎಂದು ಕೊನೆಯ ಅಕ್ಷರದವರೆಗೂ ತಾನೇ ಮುಗಿಸಿದ.

ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ.